ದೂರದರ್ಶಕದ ನೇತ್ರಕ: ಅದರ ಆಯ್ಕೆಯ ಚರಿತ್ರೆ

೧

ದೂರದರ್ಶಕದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅದರ ಮುಂಭಾಗದಲ್ಲಿರುವ ದೊಡ್ಡ ಮಸೂರದ ಅಥವಾ ದರ್ಪಣದ ಚರಿತ್ರೆಯನ್ನೇ ಬರೆದಿದ್ದಾರೆ. ವ್ಯಾಸವು ಎಷ್ಟು ಅಂಗುಲ, ಗಾಜನ್ನು ಉಜ್ಜಿದವರು ಯಾರು, ತಗುಲಿದ ವೆಚ್ಚವೆಷ್ಟು ಎಂಬಿವೇ ಅಲ್ಲಿಯ ಮುಖ್ಯ ವಿಷಯಗಳು. ನೋಡುವವನ ಕಣ್ಣಿಗೆ ಹತ್ತಿಕೊಂಡಿರುವ, ಹೆಬ್ಬೆರಳಿನಷ್ಟು ಗಾತ್ರದ ಕಿರುಗೊಳವೆಯ ಮಾತು ಬಂದರೆ ಅಡಿಟಿಪ್ಪಣಿಯಲ್ಲಿ ಬಂದೀತು. ಈ ಕಿರುಗೊಳವೆಗೆ ನೇತ್ರಕವೆಂದು ಹೆಸರು. ಈಗಿನ ಹವ್ಯಾಸಿಗಳು ಐಪೀಸ್ ಎನ್ನುವರು. ದೂರದರ್ಶಕವು ಏನನ್ನು ತೋರಿಸಬಲ್ಲದು ಎಂಬುದನ್ನು ದೊಡ್ಡ ಮಸೂರವು ಗೊತ್ತುಮಾಡುವುದು ನಿಜ. ಆದರೆ ಅದು ಏನನ್ನು ತೋರಿಸಿತು, ನೋಡಿದವನು ಯಾವುದಕ್ಕೆ ಸಾಕ್ಷಿಯಾದನು ಎಂಬುದನ್ನು ಬಹುಮಟ್ಟಿಗೆ ನೇತ್ರಕವೇ ಗೊತ್ತುಮಾಡುತ್ತದೆ. ಈ ಮಾತಿಗೆ ಬೇಕಾದ ನಿದರ್ಶನಗಳು ಯೂರೋಪಿನ ಚರಿತ್ರೆಯಲ್ಲಿ ಮಾತ್ರವಲ್ಲ, ಕನ್ನಡನಾಡಿನ ಚರಿತ್ರೆಯಲ್ಲಿಯೂ ದೊರೆಯುತ್ತವೆ. ಅವುಗಳನ್ನು ಒಂದೆಡೆ ಕೂಡಿಸಿ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಬೈಲಕುಪ್ಪೆಯು ಉಚಿತವಾದ ಪ್ರಾರಂಭಸ್ಥಾನ. ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ ಈ ಊರು ಕೊಡಗಿನ ಗಡಿಗೆ, ಕುಶಾಲನಗರಕ್ಕೆ ಸಮೀಪವಾಗಿದೆ. ಟಿಬೆಟ್ಟನ್ನು ಬಿಟ್ಟು ಬಂದ ನಿರಾಶ್ರಿತರಿಗೆ ೧೯೬೦ರ ದಶಕದ ಆದಿಯಲ್ಲಿ ಅಂದಿನ ಮೈಸೂರು ರಾಜ್ಯದ ಸರ್ಕಾರವು ಇಲ್ಲಿ ಭೂಮಿಯನ್ನು ಒದಗಿಸಿತು. ೧೪೧೯ರಲ್ಲಿ ಲ್ಹಾಸಾ ನಗರದ ಬಳಿ ಸ್ಥಾಪಿತವಾಗಿದ್ದ ಸೇರಾ ಮಹಾವಿಹಾರವು ೧೯೭೦ರ ಸುಮಾರಿಗೆ ಈ ನೆಲದಲ್ಲಿ ಪುನಃ ನೆಲೆಗೊಂಡಿತು. ತರ್ಕಶಾಸ್ತ್ರಕ್ಕೂ ವಾದಕ್ಕೂ ಹೆಸರಾದ ಈ ವಿದ್ಯಾಪೀಠದ ಪಾಠಕ್ರಮಕ್ಕೆ ಇಪ್ಪತ್ತೊಂದನೆಯ ಶತಮಾನದಲ್ಲಿ ಆಧುನಿಕ ವಿಜ್ಞಾನವೂ ಸೇರಿತು. ಅಮೆರಿಕದ ಎಮೋರಿ ವಿಶ್ವವಿದ್ಯಾನಿಲಯದ ನೆರವಿನಿಂದ ಭೌತವಿಜ್ಞಾನ, ಜೀವವಿಜ್ಞಾನ ಮುಂತಾದುವುಗಳಿಗೆ ಟಿಬೆಟನ್ ಭಾಷೆಯಲ್ಲಿ ಪಠ್ಯಗಳು ಸಿದ್ಧವಾದುವು; ಶತಮಾನಗಳಿಂದ ಬದಲಾಗದೆ ಬಂದಿದ್ದ ಪಾಠಕ್ರಮದಲ್ಲಿ ವಿಜ್ಞಾನಕ್ಕೂ ಸ್ಥಾನವಿರಬೇಕೆಂಬ ನಿರ್ಣಯವು ೨೦೧೨ರಲ್ಲಿ ಆಯಿತು.

ಈ ಬದಲಾವಣೆಯ ಹಿಂದೆ ಒಂದು ದೂರದರ್ಶಕದ ಕಥೆಯುಂಟು. ಹದಿನಾಲ್ಕನೆಯ ದಲಾಯಿ ಲಾಮಾ ಅವರು ೨೦೦೫ರಲ್ಲಿ ಪ್ರಕಟಿಸಿದ, ವಿಜ್ಞಾನ ಮತ್ತು ಅಧ್ಯಾತ್ಮಗಳ ಸಂಬಂಧವನ್ನು ಕುರಿತ ಗ್ರಂಥದಲ್ಲಿ ಅದನ್ನು ತಾವೇ ಹೇಳಿದ್ದಾರೆ. ಲ್ಹಾಸಾದಲ್ಲಿದ್ದ ದಿನಗಳಲ್ಲಿ, ತಮ್ಮ ಹಿಂದಿನವರಾದ ಹದಿಮೂರನೆಯ ದಲಾಯಿ ಲಾಮಾ ಅವರಿಗೆ ಸೇರಿದ್ದ ದೂರದರ್ಶಕವೊಂದರಿಂದ ಅವರು ಚಂದ್ರನನ್ನು ನೋಡುತ್ತಿದ್ದರು. ಚಂದ್ರನು ಸ್ವಯಂಪ್ರಕಾಶವುಳ್ಳವನೆಂದು ಅವರು ಕಲಿತಿದ್ದ ಪ್ರಾಚೀನ ವಿಶ್ವವರ್ಣನೆಯ ಮತ. ಯಂತ್ರದಲ್ಲಿ ಕಂಡದ್ದಾದರೋ ಚಂದ್ರನ ಮೈಮೇಲೆ ಬಿದ್ದ ನೆರಳುಗಳು. ನೆರಳಿದ್ದರೆ ಬೆಳಕು ಹೊರಗಿನಿಂದ ಬಂದಿರಲೇಬೇಕು. ಅವರು ತಮ್ಮ ಇಬ್ಬರು ಗುರುಗಳನ್ನೂ ಕರೆದು ಅದನ್ನು ತೋರಿಸಿದರು. ಸಿದ್ಧವಾದ ಪ್ರತ್ಯಕ್ಷಪ್ರಮಾಣಕ್ಕೆ ಶಾಸ್ತ್ರವಾಕ್ಯವು ವಿರುದ್ಧವಾದಲ್ಲಿ ಶಾಸ್ತ್ರವಾಕ್ಯವನ್ನೇ ಬಿಡಬೇಕೆಂಬುದು ಆ ಗ್ರಂಥದಲ್ಲಿ ಅವರು ತಳೆದ ನಿಲುವು.

ಇಲ್ಲಿ ಗಮನಿಸತಕ್ಕದ್ದು ಒಂದಿದೆ. ಆ ನೆರಳನ್ನು ಕಾಣಲು ಭಾರಿ ಯಂತ್ರವಾಗಲಿ ಹೆಚ್ಚಿನ ವರ್ಧನೆಯಾಗಲಿ ಬೇಕಾಗಿಲ್ಲ. ಇಪ್ಪತ್ತು ಮಡಿ ದೊಡ್ಡದಾಗಿ ಕಂಡರೆ ಸಾಕು. ಕೇಳಿದ ಪ್ರಶ್ನೆಗೆ ತಕ್ಕ ವರ್ಧನೆ ಇದ್ದುದರಿಂದಲೇ ಉತ್ತರವು ದೊರೆಯಿತು. ನೇತ್ರಕದ ಚರಿತ್ರೆಯೆಲ್ಲವೂ ಈ ಒಂದು ತತ್ತ್ವದ ವಿಸ್ತಾರವೆಂದು ಮುಂದೆ ಕಂಡುಬರುವುದು.

೨

ಚರಿತ್ರೆಗೆ ಹೋಗುವುದಕ್ಕೆ ಮೊದಲು ಯಂತ್ರದ ತತ್ತ್ವವನ್ನು ಸಂಗ್ರಹವಾಗಿ ತಿಳಿಯುವುದು ಅವಶ್ಯ. ದೂರದರ್ಶಕದ ಮುಂಭಾಗದ ಮಸೂರ ಅಥವಾ ದರ್ಪಣಕ್ಕೆ ವಸ್ತುಕವೆಂದು ಹೆಸರು. ಅದು ಆಕಾಶದ ವಸ್ತುವಿನ ಬೆಳಕನ್ನು ಕೂಡಿಸಿ ತನ್ನ ನಾಭಿಯಲ್ಲಿ ಒಂದು ಚಿಕ್ಕ ಪ್ರತಿಬಿಂಬವನ್ನು ಮೂಡಿಸುತ್ತದೆ. ಆ ಪ್ರತಿಬಿಂಬವನ್ನು ಸಮೀಪದಿಂದ ನೋಡಲು ಇಟ್ಟ ಭೂತಗನ್ನಡಿಯೇ ನೇತ್ರಕ. ವಸ್ತುಕದ ನಾಭಿದೂರವನ್ನು ನೇತ್ರಕದ ನಾಭಿದೂರದಿಂದ ಭಾಗಿಸಿದರೆ ಬರುವ ಲಬ್ಧವೇ ವರ್ಧನೆ. ಆದಕಾರಣ ಒಂದೇ ದೂರದರ್ಶಕಕ್ಕೆ ನೇತ್ರಕವನ್ನು ಬದಲಿಸಿದ ಹಾಗೆಲ್ಲಾ ಬೇರೆ ಬೇರೆ ವರ್ಧನೆ ದೊರೆಯುತ್ತದೆ.

ವರ್ಧನೆಯು ಹೆಚ್ಚಿದಷ್ಟೂ ಒಳ್ಳೆಯದೆಂದು ಹೊಸಬರು ಭಾವಿಸುವುದುಂಟು. ಇದು ಸರಿಯಲ್ಲ, ವರ್ಧನೆಯನ್ನು ಹೆಚ್ಚಿಸಿದಾಗ ಮೂರು ನಷ್ಟಗಳನ್ನು ಸಹಿಸಬೇಕಾಗುತ್ತದೆ. ಮೊದಲನೆಯದು ಬೆಳಕಿನ ನಷ್ಟ: ವಸ್ತುಕವು ಕೂಡಿಸಿದ ಬೆಳಕು ಅಷ್ಟೇ ಇದ್ದು, ಅದು ಹೆಚ್ಚು ವಿಸ್ತಾರಕ್ಕೆ ಹರಡುವುದರಿಂದ ಬಿಂಬವು ಮಂಕಾಗುತ್ತದೆ. ಎರಡನೆಯದು ದೃಷ್ಟಿಕ್ಷೇತ್ರದ ನಷ್ಟ: ಕಾಣುವ ಆಕಾಶದ ತುಣುಕು ಕಿರಿದಾಗುತ್ತದೆ. ಮೂರನೆಯದು ಸ್ಥಿರತೆಯ ನಷ್ಟ: ವಾಯುವಿನ ಅಲುಗಾಟವೂ ಕಾಲುಮಣೆಯ ನಡುಕವೂ ಬಿಂಬದ ಜೊತೆಯಲ್ಲಿಯೇ ದೊಡ್ಡದಾಗುತ್ತವೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಈಗ ಹವ್ಯಾಸಿಗಳಲ್ಲಿ ಬಳಕೆಯಲ್ಲಿರುವ ಒಂದು ಅಳತೆ ೧೫೦ ಮಿಲಿಮೀಟರು, ಎಂದರೆ ಸುಮಾರು ೬ ಅಂಗುಲ, ವ್ಯಾಸದ ದರ್ಪಣ. ಅದರ ನಾಭಿದೂರ ೧೨೦೦ ಮಿಲಿಮೀಟರು. ಇದಕ್ಕೆ ೨೫ ಮಿಲಿಮೀಟರಿನ ನೇತ್ರಕವನ್ನು ಹಾಕಿದರೆ ವರ್ಧನೆ ೪೮. ೧೦ ಮಿಲಿಮೀಟರಿನದಕ್ಕೆ ೧೨೦. ೬ ಮಿಲಿಮೀಟರಿನದಕ್ಕೆ ೨೦೦. ವಸ್ತುಕದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ನೇತ್ರಕದಿಂದ ಹೊರಬಂದು ಕಣ್ಣನ್ನು ಹೊಗುವ ಬೆಳಕಿನ ಕೋಲಿನ ದಪ್ಪವು ದೊರೆಯುತ್ತದೆ. ಮೇಲಿನ ಮೂರಕ್ಕೂ ಅದು ಕ್ರಮವಾಗಿ ಸುಮಾರು ೩, ೧¼ ಮತ್ತು ¾ ಮಿಲಿಮೀಟರು. ಕತ್ತಲೆಯಲ್ಲಿ ಯುವಕನ ಕಣ್ಣಿನ ಪಾಪೆಯು ೭ ಮಿಲಿಮೀಟರಿನಷ್ಟು ಅರಳಬಲ್ಲುದು. ವಯಸ್ಸಾದಂತೆ ಇದು ಕುಗ್ಗುತ್ತದೆ. ಬೆಳಕಿನ ಕೋಲು ಪಾಪೆಗಿಂತ ದಪ್ಪವಾದರೆ ಹೊರಗುಳಿದ ಬೆಳಕು ವ್ಯರ್ಥ. ಅರ್ಧ ಮಿಲಿಮೀಟರಿಗಿಂತ ತೆಳುವಾದರೆ ಬಿಂಬವು ದೊಡ್ಡದಾದೀತೇ ಹೊರತು ಹೊಸದಾಗಿ ಏನೂ ತೋರದು. ನೇತ್ರಕದ ಆಯ್ಕೆಯೆಲ್ಲವೂ ಈ ಎರಡು ಎಲ್ಲೆಗಳ ನಡುವೆ ನಡೆಯತಕ್ಕದ್ದು.

೩

ಗೆಲಿಲಿಯೊ ೧೬೦೯ರಲ್ಲಿ ಆಕಾಶಕ್ಕೆ ತಿರುಗಿಸಿದ ದೂರದರ್ಶಕದ ನೇತ್ರಕವು ಒಂದೇ ಒಂದು ನಿಮ್ನ ಮಸೂರ. ಅದರಲ್ಲಿ ಬಿಂಬವು ನೆಟ್ಟಗೆ ಕಾಣುತ್ತಿತ್ತಾದರೂ ದೃಷ್ಟಿಕ್ಷೇತ್ರವು ಪೂರ್ಣಚಂದ್ರನನ್ನು ಇಡಿಯಾಗಿ ಹಿಡಿಯಲಾರದಷ್ಟು ಕಿರಿದು. ಸುಮಾರು ಇಪ್ಪತ್ತು ಮಡಿಯ ಆ ಯಂತ್ರದಿಂದಲೇ ಅವನು ಚಂದ್ರನ ಬೆಳಕು-ಕತ್ತಲೆಗಳ ಗಡಿಯ ಆಚೆ ಕತ್ತಲೆಯಲ್ಲಿ ಮಿನುಗುವ ಶಿಖರಗಳನ್ನು ಕಂಡು, ಅವುಗಳ ಎತ್ತರವನ್ನು ರೇಖಾಗಣಿತದಿಂದ ಲೆಕ್ಕಹಾಕಿ, ೧೬೧೦ರಲ್ಲಿ ಪ್ರಕಟಿಸಿದನು. ಲ್ಹಾಸಾದಲ್ಲಿ ಕಂಡುದೂ ಇದೇ ನೆರಳು; ನಡುವೆ ಮೂರು ಶತಮಾನಗಳಿಗೂ ಹೆಚ್ಚಿನ ಕಾಲವು ಕಳೆದಿದ್ದರೂ ಸಾಕ್ಷ್ಯವು ಒಂದೇ.

ಕೆಪ್ಲರನು ೧೬೧೧ರಲ್ಲಿ ನಿಮ್ನ ಮಸೂರಕ್ಕೆ ಬದಲಾಗಿ ಪೀನ ಮಸೂರವನ್ನು ಸೂಚಿಸಿದನು. ಬಿಂಬವು ತಲೆಕೆಳಗಾಯಿತು, ಆದರೆ ದೃಷ್ಟಿಕ್ಷೇತ್ರವು ವಿಶಾಲವಾಯಿತು. ಒಂದೇ ಮಸೂರದ ನೇತ್ರಕದಲ್ಲಿ ಬಿಂಬದ ಅಂಚು ಬಣ್ಣಬಣ್ಣವಾಗಿ ಕಾಣುವ ದೋಷವಿತ್ತು. ಹಾಲೆಂಡ್ ದೇಶದ ಹೈಗೆನ್ಸನು ೧೬೬೦ರ ದಶಕದಲ್ಲಿ ಎರಡು ಮಸೂರಗಳನ್ನು ತಕ್ಕ ಅಂತರದಲ್ಲಿರಿಸಿ ಈ ದೋಷವನ್ನು ಬಹುಮಟ್ಟಿಗೆ ತಗ್ಗಿಸಿದನು. ಅವನ ಹೆಸರಿನ ನೇತ್ರಕವು ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ಎಲ್ಲೆಡೆ ಬಳಕೆಯಲ್ಲಿತ್ತು.

ನೇತ್ರಕದ ಬದಲಾವಣೆಯೇ ಒಂದು ಪ್ರಮಾಣವಾಗಬಲ್ಲುದೆಂಬುದಕ್ಕೆ ಶ್ರೇಷ್ಠ ನಿದರ್ಶನವು ೧೭೮೧ರ ಮಾರ್ಚ್ ೧೩ರ ರಾತ್ರಿಯದು. ಇಂಗ್ಲೆಂಡಿನ ಬಾತ್ ನಗರದಲ್ಲಿ ಸಂಗೀತವೃತ್ತಿಯಲ್ಲಿದ್ದ ವಿಲಿಯಂ ಹರ್ಷೆಲನು ತಾನೇ ಮಾಡಿಕೊಂಡಿದ್ದ ಏಳಡಿಯ ದರ್ಪಣ ದೂರದರ್ಶಕದಿಂದ ೨೨೭ರ ವರ್ಧನೆಯಲ್ಲಿ ನಕ್ಷತ್ರಗಳನ್ನು ಪರೀಕ್ಷಿಸುತ್ತಿದ್ದನು. ಒಂದು ಬಿಂದುವು ಉಳಿದವುಗಳಿಗಿಂತ ದೊಡ್ಡದಾಗಿ ತೋರಿತು. ಕೂಡಲೇ ಅವನು ೪೬೦ರ ಮತ್ತು ೯೩೨ರ ವರ್ಧನೆಯ ನೇತ್ರಕಗಳನ್ನು ಹಾಕಿ ನೋಡಿದನು. ನಕ್ಷತ್ರಗಳು ಬಹುದೂರದವಾದ್ದರಿಂದ ವರ್ಧನೆಗೆ ಅನುಗುಣವಾಗಿ ದೊಡ್ಡವಾಗುವುದಿಲ್ಲ. ಈ ಬಿಂಬವಾದರೋ ವರ್ಧನೆಗೆ ಸರಿಯಾಗಿ ಬೆಳೆಯಿತು. ಆದಕಾರಣ ಅದು ನಕ್ಷತ್ರವಲ್ಲವೆಂದು ಅವನು ನಿರ್ಣಯಿಸಿದನು. ಮೊದಲು ಧೂಮಕೇತುವೆಂದು ಎಣಿಸಿದ ಆ ವಸ್ತುವೇ ಯುರೇನಸ್ ಗ್ರಹ. ಏಳಡಿಯ ಯಂತ್ರದಲ್ಲಿ ೯೩೨ ಮಡಿ ವರ್ಧನೆ ಬರಬೇಕಾದರೆ ನೇತ್ರಕದ ನಾಭಿದೂರವು ಅಂಗುಲದ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆಯಿರಬೇಕು. ಅಂತಹ ಕಾಚದಲ್ಲಿ ನಿತ್ಯವೂ ಆಕಾಶವನ್ನು ನೋಡುವುದು ಕಷ್ಟಸಾಧ್ಯ. ಹರ್ಷೆಲನು ಅದನ್ನು ನಿತ್ಯದರ್ಶನಕ್ಕಾಗಿ ಹಾಕಲಿಲ್ಲ, ಒಂದು ಸಂಶಯದ ನಿವಾರಣೆಗಾಗಿ ಹಾಕಿದನೆಂಬುದೇ ಇಲ್ಲಿಯ ಸ್ವಾರಸ್ಯ.

೪

ಹರ್ಷೆಲನ ಕಾಲದಲ್ಲಿಯೇ ಲಂಡನ್ನಿನ ಯಂತ್ರಶಿಲ್ಪಿ ಜೆಸ್ಸಿ ರಾಮ್ಸ್‌ಡನ್ ಎಂಬವನು ಇನ್ನೊಂದು ಬಗೆಯ ನೇತ್ರಕವನ್ನು ರಚಿಸಿದನು. ಅವನ ಲೇಖನವು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ೧೭೮೩ರಲ್ಲಿ ಪ್ರಕಟವಾಯಿತು. ಅಳತೆಯ ಯಂತ್ರಗಳಿಗೆ ಜೋಡಿಸತಕ್ಕ ದೂರದರ್ಶಕಗಳಿಗಾಗಿಯೇ ಈ ನೇತ್ರಕವೆಂದು ಅದರ ಶೀರ್ಷಿಕೆಯೇ ಹೇಳುತ್ತದೆ. ಇದರ ಅವಶ್ಯಕತೆಯೇನೆಂಬುದನ್ನು ತಿಳಿಯಬೇಕು. ಅಳತೆ ಮಾಡುವವನು ಬಿಂಬವನ್ನು ನೋಡಿದರೆ ಸಾಲದು. ದೃಷ್ಟಿಕ್ಷೇತ್ರದಲ್ಲಿ ಕಟ್ಟಿದ ಸೂಕ್ಷ್ಮವಾದ ಎಳೆಗಳಿಗೆ ಅದನ್ನು ಸರಿಹೊಂದಿಸಬೇಕು. ಹೈಗೆನ್ಸನ ನೇತ್ರಕದಲ್ಲಿ ಪ್ರತಿಬಿಂಬವು ಎರಡು ಮಸೂರಗಳ ನಡುವೆ ಮೂಡುವುದರಿಂದ, ಎಳೆಗಳನ್ನೂ ಅಲ್ಲಿಯೇ ಕಟ್ಟಬೇಕಾಗುತ್ತದೆ. ಆಗ ಎಳೆಗಳು ಒಂದೇ ಮಸೂರದ ಮೂಲಕ ಕಂಡು ವಕ್ರವಾಗಿಯೂ ಬಣ್ಣಗೂಡಿಯೂ ತೋರುತ್ತವೆ. ರಾಮ್ಸ್‌ಡನ್ನನ ನೇತ್ರಕದಲ್ಲಿ ಪ್ರತಿಬಿಂಬದ ಸ್ಥಾನವು ಎರಡು ಮಸೂರಗಳಿಗೂ ಹೊರಗೆ, ಮುಂಭಾಗದಲ್ಲಿದೆ. ಎಳೆಗಳನ್ನು ಅಲ್ಲಿ ಭದ್ರವಾಗಿ ಕಟ್ಟಿ, ಅವುಗಳನ್ನು ಅಲುಗಿಸದೆಯೇ ನೇತ್ರಕವನ್ನು ತೆಗೆದು ಹಾಕಬಹುದು. ಬಣ್ಣದ ದೋಷವು ಹೈಗೆನ್ಸನದಕ್ಕಿಂತ ಸ್ವಲ್ಪ ಹೆಚ್ಚಾದರೂ ಅಳತೆಯು ನಂಬುಗೆಗೆ ಅರ್ಹವಾಯಿತು. ನೋಟದ ಅಂದವನ್ನು ಕೊಂಚ ಬಿಟ್ಟು ಅಳತೆಯ ಸತ್ಯವನ್ನು ಪಡೆದ ಆಯ್ಕೆ ಇದು.

ರಾಮ್ಸ್‌ಡನ್ನನ ಕೈಕೆಲಸವು ಮೈಸೂರು ಸೀಮೆಗೆ ಬಂದ ವೃತ್ತಾಂತವು ಕುತೂಹಲಕರವಾದುದು. ೧೭೯೩ರಲ್ಲಿ ಮೆಕಾರ್ಟ್ನಿ ಪ್ರಭುವು ಚೀಣಾ ಚಕ್ರವರ್ತಿಯ ಬಳಿಗೆ ರಾಯಭಾರಿಯಾಗಿ ಹೋದಾಗ ಕಾಣಿಕೆಗಾಗಿ ಕೊಂಡೊಯ್ದ ವಸ್ತುಗಳಲ್ಲಿ ರಾಮ್ಸ್‌ಡನ್ನನ ಉಕ್ಕಿನ ಸರಪಣಿಯೂ, ನಕ್ಷತ್ರಗಳು ತಲೆಯ ನೇರದಿಂದ ಎಷ್ಟು ಓರೆಯಾಗಿವೆಯೆಂದು ಅಳೆಯುವ ಖಸ್ವಸ್ತಿಕಯಂತ್ರವೂ ಇದ್ದುವು. ಅಲ್ಲಿ ಅವು ಸ್ವೀಕೃತವಾಗದೆ, ರಾಯಭಾರದ ಜೊತೆಗಿದ್ದ ಡಾಕ್ಟರ್ ಡಿನ್‌ವಿಡ್ಡಿಯ ಕೈಗೆ ಬಂದು, ಅವನೊಡನೆ ಕಲ್ಕತ್ತೆಗೆ ತಲಪಿದುವು. ೧೭೯೯ರ ಶ್ರೀರಂಗಪಟ್ಟಣದ ಯುದ್ಧದ ತರುವಾಯ ಮೈಸೂರಿನ ಮೂಲಕ ಪರ್ಯಾಯದ್ವೀಪದ ಅಗಲವನ್ನು ಅಳೆಯುವ ಯೋಜನೆಯನ್ನು ಮುಂದಿಟ್ಟ ವಿಲಿಯಂ ಲ್ಯಾಂಬ್ಟನ್ನನಿಗೆ ಇವು ಒದಗಿದುವು. ಚಕ್ರವರ್ತಿಯ ಭಂಡಾರದಲ್ಲಿ ಧೂಳು ಹಿಡಿಯಬೇಕಾಗಿದ್ದ ಯಂತ್ರಗಳು ಹೀಗೆ ಕನ್ನಡನಾಡಿನ ಬೆಟ್ಟಬಯಲುಗಳಲ್ಲಿ ಕೆಲಸಕ್ಕೆ ನಿಂತುವು.

ಲ್ಯಾಂಬ್ಟನ್ನನು ೧೮೦೦ರ ಅಂತ್ಯಭಾಗದಲ್ಲಿ ಬೆಂಗಳೂರಿನ ಸಮೀಪದಲ್ಲಿ ಒಂದು ಆಧಾರರೇಖೆಯನ್ನು ಅಳೆಸಿದನು. ೧೮೦೨ರಲ್ಲಿ ಮದರಾಸಿನ ಬಳಿ ಮುಖ್ಯ ರೇಖೆಯನ್ನು ಅಳೆದು, ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತ ಪಶ್ಚಿಮಕ್ಕೆ ಬಂದ ಮೇಲೆ, ೧೮೦೪ರಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ರೇಖೆಯನ್ನು ಅಳೆಸಿದನು. ಲೆಕ್ಕದಿಂದ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಕೆಲವೇ ಅಂಗುಲಗಳ ವ್ಯತ್ಯಾಸ ಕಂಡಿತು. ಬೆಂಗಳೂರಿನ ಹತ್ತಿರದ ದೊಡ್ಡಗುಂಟೆಯಲ್ಲಿಯೂ ಮುಂದೆ ಪಾವಗಡದಲ್ಲಿಯೂ ಖಸ್ವಸ್ತಿಕಯಂತ್ರವನ್ನು ನಿಲ್ಲಿಸಿ ನಕ್ಷತ್ರಗಳ ಸ್ಥಾನವನ್ನು ಅಳೆಯಲಾಯಿತು. ಒಂದೇ ನಕ್ಷತ್ರವು ಎರಡು ಊರುಗಳಲ್ಲಿ ತಲೆಯ ನೇರದಿಂದ ಎಷ್ಟೆಷ್ಟು ಓರೆಯಾಗಿದೆಯೆಂದು ತಿಳಿದರೆ ಆ ಎರಡು ಊರುಗಳ ಅಕ್ಷಾಂಶದ ಅಂತರವು ದೊರೆಯುತ್ತದೆ. ಅಕ್ಷಾಂಶದಲ್ಲಿ ಒಂದು ವಿಕಲೆಯ ತಪ್ಪು ನೆಲದ ಮೇಲೆ ಸುಮಾರು ನೂರು ಅಡಿಗಳಾಗುತ್ತದೆ. ಭೂಮಿಯ ಆಕಾರವನ್ನೇ ಗೊತ್ತುಮಾಡಲು ಹೊರಟ ಈ ಕಾರ್ಯದಲ್ಲಿ ಕಣ್ಣಿನ ಬಳಿಯ ಎಳೆಯು ವಕ್ರವಾಗಿ ಕಂಡಿದ್ದರೆ ಸರಪಣಿ ಹಿಡಿದು ಬಿಸಿಲಿನಲ್ಲಿ ನಡೆದ ಎಲ್ಲರ ಶ್ರಮವೂ ವ್ಯರ್ಥವಾಗುತ್ತಿತ್ತು. ಅಳತೆಗೆ ಪ್ರತ್ಯೇಕವಾದ ನೇತ್ರಕವು ಏಕೆ ಬೇಕಾಯಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

೫

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡ ಸೀಮೆಯು ಎರಡು ಪೂರ್ಣಸೂರ್ಯಗ್ರಹಣಗಳನ್ನು ಕಂಡಿತು. ಮೊದಲನೆಯದು ೧೮೬೮ರ ಆಗಸ್ಟ್ ೧೮ರಂದು. ರಾಯಲ್ ಸೊಸೈಟಿಯ ಪರವಾಗಿ ಅದನ್ನು ಪರೀಕ್ಷಿಸಲು ಜಮಖಂಡಿಯಲ್ಲಿ ಯಂತ್ರವನ್ನು ಹೂಡಿದವನು ಮೋಜಣಿಯ ಇಲಾಖೆಯ ಲೆಫ್ಟೆನೆಂಟ್ ಜಾನ್ ಹರ್ಷೆಲ್. ಯುರೇನಸ್ಸನ್ನು ಕಂಡ ವಿಲಿಯಂ ಹರ್ಷೆಲನ ಮೊಮ್ಮಗ. ತಾತನು ಒಂದರ ಮೇಲೊಂದು ನೇತ್ರಕವನ್ನು ಬದಲಿಸಿ ಸಂಶಯವನ್ನು ನೀಗಿದನು. ಮೊಮ್ಮಗನು ನೇತ್ರಕದ ಸ್ಥಾನದಲ್ಲಿ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕವನ್ನಿಟ್ಟನು. ಮೋಡಗಳ ನಡುವೆ ದೊರೆತ ಅಲ್ಪಾವಕಾಶದಲ್ಲಿ ಸೂರ್ಯನ ಅಂಚಿನ ಜ್ವಾಲೆಯ ಬೆಳಕು ಕೆಂಪು, ಕಿತ್ತಳೆ, ನೀಲಿ ಎಂಬ ಬಿಡಿಬಿಡಿಯಾದ ಹೊಳೆಯುವ ಗೆರೆಗಳಾಗಿ ಕಂಡಿತು. ಇದರಿಂದ ಆ ಜ್ವಾಲೆಗಳು ಉರಿಯುವ ಅನಿಲವೆಂದು ಸಿದ್ಧವಾಯಿತು. ಕಿತ್ತಳೆಯ ಗೆರೆಯು ಮುಂದೆ ಹೀಲಿಯಂ ಎಂಬ ಹೊಸ ಮೂಲವಸ್ತುವಿನ ಕುರುಹೆಂದು ತಿಳಿದುಬಂತು. ಎಷ್ಟೇ ವರ್ಧನೆಯುಳ್ಳ ನೇತ್ರಕವಾದರೂ ಈ ಸಂಗತಿಯನ್ನು ತೋರಿಸುತ್ತಿರಲಿಲ್ಲ. ಏಕೆಂದರೆ ಪ್ರಶ್ನೆಯು ಆಕಾರವನ್ನು ಕುರಿತದ್ದಲ್ಲ, ದ್ರವ್ಯವನ್ನು ಕುರಿತದ್ದು.

ಎರಡನೆಯದು ೧೮೭೧ರ ಡಿಸೆಂಬರ್ ೧೨ರ ಗ್ರಹಣ. ಇಂಗ್ಲೆಂಡಿನಿಂದ ಬಂದ ನಾರ್ಮನ್ ಲಾಕಿಯರನು ತನ್ನ ಸಂಗಡಿಗರೊಡನೆ ಬೇಕಲದ ಕೋಟೆಯಲ್ಲಿ ನಿಂತನು. ಕೆಳದಿಯ ನಾಯಕರು ಕಟ್ಟಿಸಿದ ಈ ಕಡಲತೀರದ ಕೋಟೆಯು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ೧೯೫೬ರಿಂದ ಕೇರಳಕ್ಕೆ ಸೇರಿದೆ. ಪೂರ್ಣಗ್ರಾಸದ ಕಾಲವು ಸುಮಾರು ಎರಡು ನಿಮಿಷ ಮಾತ್ರ. ಇಷ್ಟರಲ್ಲಿ ನೇತ್ರಕವನ್ನು ಬದಲಿಸಿ, ನಾಭಿಯನ್ನು ಸರಿಪಡಿಸಿ, ಕಣ್ಣನ್ನು ಹೊಂದಿಸಿಕೊಳ್ಳುವುದಕ್ಕೆ ಅವಕಾಶವಿಲ್ಲ. ಆದಕಾರಣ ಯಾವ ಯಂತ್ರದಿಂದ ಯಾರು ಏನನ್ನು ನೋಡಬೇಕೆಂಬುದು ಮುಂಚಿತವಾಗಿಯೇ ನಿಶ್ಚಿತವಾಗಿರಬೇಕು. ಲಾಕಿಯರನು ಸೀಳುಕಿಂಡಿಯಿಲ್ಲದ ಅಶ್ರಗಗಳ ಸಾಲಿನ ಮೂಲಕ ನೋಡಿದಾಗ ಸೂರ್ಯನ ಸುತ್ತಲಿನ ಪ್ರಭೆಯು ಬೇರೆ ಬೇರೆ ಬಣ್ಣದ ಉಂಗುರಗಳಾಗಿ ತೋರಿತು. ಅದೇ ದಿನ ನೀಲಗಿರಿಯ ಶೋಲೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ನನು, ವ್ಯಾಸಕ್ಕೆ ಹೋಲಿಸಿದರೆ ನಾಭಿದೂರವು ಬಹಳ ಕಡಿಮೆಯಾದ ದರ್ಪಣವನ್ನು ಬಳಸಿದನು. ದೊಡ್ಡ ಬಿಂಬಕ್ಕಿಂತ ಉಜ್ವಲವಾದ ಬಿಂಬವೇ ಅವನಿಗೆ ಬೇಕಾಗಿತ್ತು. ಮಂಕಾದ ಪ್ರಭಾವಲಯದ ಬೆಳಕನ್ನು ಬಣ್ಣಗಳಾಗಿ ಬಿಡಿಸಬೇಕಾದರೆ ಮೊದಲು ಬೆಳಕು ಸಾಕಷ್ಟಿರಬೇಕಷ್ಟೆ.

ಮೂರು ವರ್ಷಗಳ ತರುವಾಯ, ೧೮೭೪ರ ಡಿಸೆಂಬರ್ ೯ರಂದು, ಶುಕ್ರಗ್ರಹವು ಸೂರ್ಯಬಿಂಬವನ್ನು ದಾಟಿತು. ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು ಈ ಸಂಕ್ರಮವನ್ನು ವಿವರಿಸಿ ಒಂದು ಕಿರುಹೊತ್ತಗೆಯನ್ನು ರಚಿಸಿದರು; ಅದು ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಪ್ರಕಟವಾಯಿತು. ೧೮೬೭ರಲ್ಲಿ ಕಾಂತಿ ಬದಲಾಗುವ ಒಂದು ನಕ್ಷತ್ರವನ್ನು ಕಂಡುಹಿಡಿದಿದ್ದ ಈ ವಿದ್ವಾಂಸರು ಪಂಚಾಂಗದ ಗಣಿತವನ್ನು ವೀಕ್ಷಣೆಯಿಂದ ತಿದ್ದಬೇಕೆಂದು ಶ್ರಮಪಟ್ಟವರು. ಸೂರ್ಯನ ಮೇಲೆ ಕಪ್ಪು ಚುಕ್ಕೆಯಾಗಿ ಹೋಗುವ ಶುಕ್ರನನ್ನು ಮಸಿ ಹಿಡಿದ ಗಾಜಿನ ಮೂಲಕ ಬರಿಗಣ್ಣಿನಿಂದಲೇ ಕಾಣಬಹುದಾಗಿತ್ತು. ಅದು ಸೂರ್ಯನ ಅಂಚನ್ನು ಮುಟ್ಟಿದ ಕ್ಷಣವನ್ನು ಗುರುತಿಸಬೇಕಾದರೆ ಮಾತ್ರ ದೂರದರ್ಶಕವೂ ತಕ್ಕಷ್ಟು ವರ್ಧನೆಯೂ ಬೇಕು. ಒಂದೇ ಘಟನೆಯು ಸಾಮಾನ್ಯ ಪ್ರೇಕ್ಷಕನಿಗೆ ಒಂದು ಪ್ರಶ್ನೆ, ಗಣಿತಜ್ಞನಿಗೆ ಇನ್ನೊಂದು. ಇಬ್ಬರ ಸಾಧನಗಳೂ ಅದಕ್ಕೆ ತಕ್ಕಂತೆ ಬೇರೆ.

೬

ಈ ಘಟನೆಗಳು ನಡೆಯುತ್ತಿದ್ದ ಕಾಲದಲ್ಲಿಯೇ ನೇತ್ರಕದ ರಚನೆಯೂ ಮುಂದುವರಿಯಿತು. ಜರ್ಮನಿಯ ಕೆಲ್ನರನು ೧೮೪೯ರಲ್ಲಿ ರಾಮ್ಸ್‌ಡನ್ನನ ಮಾದರಿಯ ಕಣ್ಣಿನ ಕಡೆಯ ಮಸೂರಕ್ಕೆ ಬದಲು ಎರಡು ಬಗೆಯ ಗಾಜನ್ನು ಅಂಟಿಸಿದ ಜೋಡಿಮಸೂರವನ್ನಿಟ್ಟು ಬಣ್ಣದ ದೋಷವನ್ನು ತಗ್ಗಿಸಿದನು. ವಿಯೆನ್ನಾದ ಪ್ಲೋಸಲನು ೧೮೬೦ರಲ್ಲಿ ಇಂತಹ ಎರಡು ಜೋಡಿಗಳನ್ನು ಎದುರುಬದುರಾಗಿ ಇರಿಸಿದನು. ಆಬೆ ಎಂಬ ವಿಜ್ಞಾನಿಯು ೧೮೮೦ರಲ್ಲಿ ರಚಿಸಿದ ನಾಲ್ಕು ಮಸೂರಗಳ ನೇತ್ರಕವು ಗ್ರಹಗಳ ವೀಕ್ಷಣೆಗೆ ಬಹುಕಾಲ ಮಾನ್ಯವಾಗಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅರ್ಫಲನು ವಿಶಾಲವಾದ ದೃಷ್ಟಿಕ್ಷೇತ್ರದ ನೇತ್ರಕವನ್ನು ರಚಿಸಿದನು. ಅಮೆರಿಕದ ಆಲ್ಬರ್ಟ್ ನಾಗ್ಲರನು ೧೯೮೦ರ ಸುಮಾರಿಗೆ ಹೊರತಂದ ನೇತ್ರಕದಲ್ಲಿ ತೋರುವ ಕ್ಷೇತ್ರವು ೮೨ ಅಂಶಗಳಷ್ಟು ವಿಶಾಲ.

ಹವ್ಯಾಸಿಯು ಇಂದು ಈ ಎಲ್ಲ ಬಗೆಗಳಿಂದ ಆರಿಸಿಕೊಳ್ಳಬೇಕಾಗಿದೆ. ಪ್ಲೋಸಲನ ಮಾದರಿಯು ಅಲ್ಪಬೆಲೆಗೆ ದೊರೆಯುತ್ತದೆ. ಅದರಲ್ಲಿ ತೋರುವ ಕ್ಷೇತ್ರವು ೫೦ ಅಂಶಗಳ ಆಸುಪಾಸು. ಅದರ ಕೊರತೆಯೆಂದರೆ, ನಾಭಿದೂರವು ಕಡಿಮೆಯಾದಂತೆ ಕಣ್ಣನ್ನು ಕಾಚಕ್ಕೆ ತೀರ ಹತ್ತಿರ ತರಬೇಕಾಗುವುದು. ೬ ಮಿಲಿಮೀಟರಿನ ಪ್ಲೋಸಲ್ ನೇತ್ರಕದಲ್ಲಿ ಈ ಅಂತರವು ೪-೫ ಮಿಲಿಮೀಟರು ಮಾತ್ರ. ಕನ್ನಡಕವನ್ನು ಧರಿಸಿದವರಿಗೆ ೧೫ ಮಿಲಿಮೀಟರಿಗಾದರೂ ಕಡಿಮೆಯಿರಬಾರದು. ವಿಶಾಲಕ್ಷೇತ್ರದ ನೇತ್ರಕಗಳು ನೋಟಕ್ಕೆ ಮನೋಹರ. ಆದರೆ ಅವುಗಳಲ್ಲಿ ಕೆಲವು ದೂರದರ್ಶಕದಷ್ಟೇ ಬೆಲೆಯವು, ಕಿರಿಯ ಯಂತ್ರದ ಸಮತೋಲವನ್ನು ಕೆಡಿಸುವಷ್ಟು ಭಾರವಾದವು. ಪೀಟರ್ ಬಾರ್ಲೋ ಎಂಬ ಗಣಿತಜ್ಞನ ಹೆಸರಿನ, ೧೮೩೦ರ ದಶಕದಿಂದ ಬಳಕೆಗೆ ಬಂದ, ನಿಮ್ನ ಮಸೂರವೊಂದನ್ನು ನೇತ್ರಕದ ಮುಂದೆ ಸೇರಿಸಿದರೆ ವರ್ಧನೆಯು ಇಮ್ಮಡಿಯಾಗುತ್ತದೆ. ಕಣ್ಣಿಗೆ ಬೇಕಾದ ಅಂತರವೂ ಕುಗ್ಗುವುದಿಲ್ಲ. ಎರಡು ನೇತ್ರಕಗಳೂ ಒಂದು ಬಾರ್ಲೋ ಮಸೂರವೂ ಇದ್ದರೆ ನಾಲ್ಕು ವರ್ಧನೆಗಳು ದೊರೆತಂತಾಯಿತು.

ಕನ್ನಡದಲ್ಲಿ ಆಕಾಶದರ್ಶನದ ಅಭಿರುಚಿಯನ್ನು ಬೆಳೆಸಿದವರು ಮೊದಲು ಬರಿಗಣ್ಣಿನ ಪರಿಚಯಕ್ಕೇ ಪ್ರಾಧಾನ್ಯವನ್ನು ಕೊಟ್ಟರೆಂಬುದು ಇಲ್ಲಿ ಸ್ಮರಣೀಯ. ಆರ್.ಎಲ್. ನರಸಿಂಹಯ್ಯನವರ ‘ನಕ್ಷತ್ರ ದರ್ಶನ’ವೂ, ಮಡಿಕೇರಿಯಲ್ಲಿ ಜನಿಸಿದ ಜಿ.ಟಿ. ನಾರಾಯಣರಾಯರ (೧೯೨೬-೨೦೦೮) ಬರಹಗಳೂ ಈ ದಾರಿಯವು. ನಕ್ಷತ್ರಗಳ ಗುರುತು ಇಲ್ಲದವನಿಗೆ ಹೆಚ್ಚಿನ ವರ್ಧನೆಯ ನೇತ್ರಕವು ಕಿರಿದಾದ ಕಿಂಡಿಯಂತೆ. ಅದರಲ್ಲಿ ಅವನು ಬೇಕಾದುದನ್ನು ಹುಡುಕಲಾರನು. ಆದಕಾರಣ ಯಾವ ದೂರದರ್ಶಕಕ್ಕಾದರೂ ಮೊದಲು ಕೊಳ್ಳತಕ್ಕದ್ದು ಕಡಿಮೆ ವರ್ಧನೆಯ ನೇತ್ರಕ.

೭

ಈಗ ಪುನಃ ಬೈಲಕುಪ್ಪೆಗೆ ಬರಬಹುದು. ಈ ಊರಿನ ಅಕ್ಷಾಂಶವು ಉತ್ತರಕ್ಕೆ ಸುಮಾರು ೧೨½ ಅಂಶ. ಲ್ಹಾಸಾದ್ದು ಸುಮಾರು ೨೯½ ಅಂಶ. ಆದ್ದರಿಂದ ದಕ್ಷಿಣದ ತಾರೆಗಳು ಲ್ಹಾಸಾದಲ್ಲಿ ಕಾಣುವುದಕ್ಕಿಂತ ಇಲ್ಲಿ ೧೭ ಅಂಶಗಳಷ್ಟು ಮೇಲೆ ಕಾಣುತ್ತವೆ. ಒಮೆಗಾ ಸೆಂಟಾರಿ ಎಂಬ ಮಹಾತಾರಾಗುಚ್ಛವು ಲ್ಹಾಸಾದಲ್ಲಿ ದಿಗಂತದಿಂದ ೧೩ ಅಂಶ ಮಾತ್ರ ಏರಿದರೆ ಇಲ್ಲಿ ೩೦ ಅಂಶ ಏರುತ್ತದೆ. ಈ ಗುಚ್ಛದ ವಿಸ್ತಾರವು ಪೂರ್ಣಚಂದ್ರನಿಗಿಂತಲೂ ಹೆಚ್ಚು. ಹಿಂದೆ ಹೇಳಿದ ೧೫೦ ಮಿಲಿಮೀಟರಿನ ಯಂತ್ರದಲ್ಲಿ, ೫೨ ಅಂಶಗಳ ಕ್ಷೇತ್ರವುಳ್ಳ ೨೫ ಮಿಲಿಮೀಟರಿನ ನೇತ್ರಕವು ಆಕಾಶದಲ್ಲಿ ೬೫ ಕಲೆಗಳಷ್ಟು ಅಗಲವನ್ನು ತೋರಿಸುವುದರಿಂದ ಗುಚ್ಛವು ಇಡಿಯಾಗಿ ಹಿಡಿಯುತ್ತದೆ. ೧೦ ಮಿಲಿಮೀಟರಿನದು ತೋರಿಸುವುದು ೨೬ ಕಲೆಗಳನ್ನು ಮಾತ್ರ. ಅದರಲ್ಲಿ ಗುಚ್ಛವೂ ಚಂದ್ರನೂ ಇಡಿಯಾಗಿ ಹಿಡಿಯುವುದಿಲ್ಲ.

ಇನ್ನೊಂದು ವಿಚಾರವುಂಟು. ವಿಹಾರದಲ್ಲಾಗಲಿ ಶಾಲೆಯಲ್ಲಾಗಲಿ ದೂರದರ್ಶಕವನ್ನು ನೋಡುವವನು ಒಬ್ಬನಲ್ಲ. ಸಾಲಾಗಿ ನಿಂತ ಅನೇಕರು. ಗಡಿಯಾರದ ಚಾಲನೆಯಿಲ್ಲದ ಸಾದಾ ಯಂತ್ರದಲ್ಲಿ ಭೂಮಿಯ ಭ್ರಮಣದಿಂದ ಬಿಂಬವು ನಿಮಿಷಕ್ಕೆ ೧೫ ಕಲೆಗಳಷ್ಟು ಸರಿದುಹೋಗುತ್ತದೆ. ೨೫ ಮಿಲಿಮೀಟರಿನ ನೇತ್ರಕದಲ್ಲಿ ಅದು ಕ್ಷೇತ್ರವನ್ನು ದಾಟಲು ನಾಲ್ಕು ನಿಮಿಷಕ್ಕೂ ಹೆಚ್ಚು ಕಾಲ ಬೇಕು. ೬ ಮಿಲಿಮೀಟರಿನದರಲ್ಲಿ ಒಂದೇ ನಿಮಿಷ. ಒಬ್ಬರು ಕಣ್ಣಿಟ್ಟು ಇನ್ನೊಬ್ಬರಿಗೆ ಎಡೆಕೊಡುವಷ್ಟರಲ್ಲಿ ಬಿಂಬವೇ ಇಲ್ಲವಾದರೆ ಎರಡನೆಯವರು ಕಂಡದ್ದು ಕತ್ತಲೆ. ಮೊದಲಿಗನ ಮಾತನ್ನು ನಂಬಿ ಸಾಲಿನ ಉಳಿದವರು ತಲೆದೂಗಿದರೆ ಅಲ್ಲಿ ಪ್ರತ್ಯಕ್ಷಪ್ರಮಾಣವು ಹೋಗಿ ಮತ್ತೆ ಶಬ್ದಪ್ರಮಾಣವೇ ಉಳಿದಂತಾಯಿತು. ವಾದದಲ್ಲಿ ಪ್ರಮಾಣಗಳ ತಾರತಮ್ಯವನ್ನು ಬಲ್ಲ ವಿದ್ಯಾಪೀಠದಲ್ಲಿ ಈ ಭೇದವು ಅಲ್ಪವಾದುದಲ್ಲ.

ಈ ಕಾರಣಗಳಿಂದ ಇಂತಹ ಸ್ಥಳಕ್ಕೆ ಒಪ್ಪುವ ಕ್ರಮವು ಹೀಗಿರಬಹುದು. ಮೊದಲನೆಯದಾಗಿ ೨೫ ಮಿಲಿಮೀಟರಿನ ಅಥವಾ ಅದಕ್ಕೆ ಸಮೀಪದ ಒಂದು ನೇತ್ರಕ. ಚಂದ್ರನ ನೆರಳುಗಳಿಗೂ ಗುರುವಿನ ಚಂದ್ರರಿಗೂ ತಾರಾಗುಚ್ಛಗಳಿಗೂ ಇದು ಸಾಕು. ಎರಡನೆಯದಾಗಿ ೧೦ ಮಿಲಿಮೀಟರಿನ ಸುಮಾರಿನ, ಕನ್ನಡಕ ಧರಿಸಿದವರಿಗೂ ಅನುಕೂಲವಾದಷ್ಟು ಅಂತರವುಳ್ಳ ಇನ್ನೊಂದು. ಶನಿಯ ಬಳೆಯೂ ಗುರುವಿನ ಪಟ್ಟೆಗಳೂ ಇದರಲ್ಲಿ ಚೆನ್ನಾಗಿ ತೋರುತ್ತವೆ. ಮೂರನೆಯದಾಗಿ ಒಂದು ಬಾರ್ಲೋ ಮಸೂರ. ಮಳೆಗಾಲ ಕಳೆದು ವಾಯುವು ನಿಶ್ಚಲವಾದ ರಾತ್ರಿಗಳಲ್ಲಿ ಮಾತ್ರ ಇದರ ಉಪಯೋಗ. ಇದಕ್ಕಿಂತ ಹೆಚ್ಚಿನದನ್ನು ಕೊಳ್ಳುವ ಮೊದಲು, ಅದು ಯಾವ ಪ್ರಶ್ನೆಗೆ ಉತ್ತರವನ್ನು ಕೊಡುವುದೆಂದು ಕೇಳಿಕೊಳ್ಳುವುದು ಲೇಸು.

ಆರ್ಯಭಟನು ೪೯೯ರ ಸುಮಾರಿಗೆ, ದೂರದರ್ಶಕದ ಕಲ್ಪನೆಯೂ ಇಲ್ಲದ ಕಾಲದಲ್ಲಿ, ಭೂಮಿ ಮತ್ತು ಗ್ರಹಗಳ ಗೋಲಗಳಲ್ಲಿ ಸೂರ್ಯನ ಕಡೆಗಿರುವ ಅರ್ಧವು ಬೆಳಗುತ್ತ, ಉಳಿದರ್ಧವು ತನ್ನ ನೆರಳಿನಿಂದಲೇ ಕತ್ತಲೆಯಾಗಿರುವುದೆಂದು ಹೇಳಿದ್ದನು. ಅದೇ ಭಾರತದಲ್ಲಿ ಹುಟ್ಟಿದ ಮತ್ತೊಂದು ಶಾಸ್ತ್ರಪರಂಪರೆಯು ಟಿಬೆಟ್ಟಿಗೆ ಹೋಗಿ, ಚಂದ್ರಬಿಂಬವು ಐವತ್ತು ಯೋಜನಗಳ ಅಳತೆಯದೆಂದು ಪಾಠ ಹೇಳುತ್ತ ಬಂದು, ಕೊನೆಗೆ ಪಿರಿಯಾಪಟ್ಟಣದ ಸೀಮೆಯಲ್ಲಿ ನೆಲೆಗೊಂಡಿತು. ಎರಡು ಮತಗಳ ನಡುವಣ ವಿವಾದವನ್ನು ತೀರಿಸುವುದಕ್ಕೆ ಶುಕ್ಲಪಕ್ಷದ ಒಂದು ಸಂಜೆಯೂ ಇಪ್ಪತ್ತೈದು ಮಿಲಿಮೀಟರಿನ ಒಂದು ನೇತ್ರಕವೂ ಸಾಕು. ಆದರೆ ಸಾಲಿನ ಕೊನೆಯಲ್ಲಿ ನಿಂತ ಕಿರಿಯ ಭಿಕ್ಷುವಿಗೂ ಅಲ್ಲಿ ಕಣ್ಣಿಡಲು ಸಮಯ ದೊರೆಯಬೇಕು.